ಐದು ಗಂಟೆಗೇ ಹಾಕಿದ ಬೂಟು

ಹೆಂಡತಿ ತೀರಿಕೊಂಡಾಗ ಮಗಳಿಗೆ ಮೂರೂವರೆ ವರ್ಷ. ಬೆಂಗಳೂರಿನಿಂದ ಬಂದ ಅತ್ತೆ ಮೊಮ್ಮಗಳನ್ನು ಕರೆದೊಯ್ಯಲು ನಿಂತರು. ಜಪ್ಪಯ್ಯ ಅಂದರೂ ನಾನು ಒಪ್ಪಲಿಲ್ಲ. "ಗಂಡಸು ನೀವು, ಹೇಗೆ ಸಾಕ್ತೀರಿ? ಸರಿ, ಆರು ತಿಂಗಳು ನೋಡೋಣ," ಎಂದು ಹೊರಟರು.

ಮುಂಬಯಿಯ ಮುಲುಂಡಿನಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ಒಬ್ಬ ಮರಾಠಿ ಹೆಂಗಸು ಮನೆಯಲ್ಲೇ ಪಾಳಣಾಘರ ನಡೆಸುತ್ತಿದ್ದರು. ದುಡಿಯುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಜಾಗ. ಎಲ್ಲರಿಗೂ ಅವರು ಮಾವಶಿ, ಅಂದರೆ ಚಿಕ್ಕಮ್ಮ. ತಾಯಂದಿರು ಒಳಗೆ ಹೋಗಿ ಹರಟುತ್ತಿದ್ದರು; ನಾನೊಬ್ಬನೇ ಹೊಸ್ತಿಲಾಚೆ, ಪೋಸ್ಟ್‌ಮ್ಯಾನಿನ ಹಾಗೆ. ಮಾವಶಿಯದು ಒಂದೇ ಷರತ್ತು: ಸಂಜೆ ಏಳರೊಳಗೆ ಬರಬೇಕು, ಮೂರು ಸಲ ತಡವಾದರೆ ಹೆಸರು ತೆಗೆಯುತ್ತೇನೆ.

ಎರಡು ಸಲ ಆಗಿಹೋಗಿತ್ತು. ಆರು ತಿಂಗಳೂ ಮುಗಿದು, ಆ ಭಾನುವಾರ ಅತ್ತೆ ಬರುವವರಿದ್ದರು. ಪಾಳಣಾಘರ ತಪ್ಪಿದರೆ ಮಗಳೂ ತಪ್ಪಿದಂತೆಯೇ. ಗುರುವಾರ ನಾನು ಬೈಕುಲ್ಲಾದಲ್ಲಿ ಹತ್ತಿದ ಲೋಕಲ್ ರೈಲು ಕುರ್ಲಾ ದಾಟಿ ನಿಂತುಬಿಟ್ಟಿತು. ಸುತ್ತಲಿನವರು ನೆಮ್ಮದಿಯಾಗಿ ಇಸ್ಪೀಟು ಹಾಕುತ್ತಿದ್ದರು. ನೋಡಿ ಮೈ ಉರಿಯಿತು. ವಾಚಿನಲ್ಲಿ ಆರೂಮುಕ್ಕಾಲು. ಹಳಿಗೆ ಇಳಿದು ಜಲ್ಲಿಕಲ್ಲಿನ ಮೇಲೆ ಎಡವುತ್ತ ನಡೆದೆ. ಮುಂದೆ ರಿಕ್ಷಾ ಸಿಕ್ಕಿತು. ತಲುಪಿದಾಗ ಎಂಟಕ್ಕೆ ಹತ್ತು ನಿಮಿಷ.

ಮಗಳು ಬಾಗಿಲಲ್ಲೇ ಕೂತಿದ್ದಳು. ಕಾಲಿಗೆ ಬೂಟು, ಹೆಗಲಿಗೆ ಚೀಲ. ನಾನು ಬಾಯಿ ತೆರೆಯುವ ಮೊದಲೇ ಮಾವಶಿಯ ಕಡೆ ತಿರುಗಿ, "ಅಪ್ಪಂಗೆ ಬೈಬೇಡಿ, ಗಾಡಿ ಲೇಟು," ಎಂದು ಮರಾಠಿಯಲ್ಲಿ ಹೇಳಿದಳು. ನನ್ನದೇ ನೆಪ, ನನ್ನದೇ ರಾಗ.

ಮಾವಶಿ ಬೈಯಲಿಲ್ಲ, ಹೆಸರು ತೆಗೆಯುವ ಮಾತೂ ಎತ್ತಲಿಲ್ಲ. ಇವಳು ದಿನಾ ಐದು ಗಂಟೆಗೇ ಬೂಟು ಹಾಕಿಕೊಂಡು ಇಲ್ಲಿ ಕೂರುತ್ತಾಳೆ, ಬಿಚ್ಚು ಅಂದರೂ ಬಿಚ್ಚುವುದಿಲ್ಲ ಎಂದಷ್ಟೇ ಹೇಳಿದರು. ಐದಕ್ಕೆ ನಾನಿನ್ನೂ ಆಫೀಸಿನಲ್ಲಿ ಚಹಾ ಕುಡಿಯುತ್ತಿರುತ್ತಿದ್ದೆ. ನಾಚಿಕೆಯಾಯಿತು.

ಭಾನುವಾರ ಅತ್ತೆ ಬಂದರು. ಸಂಜೆ ಹಾಲು ತರಲು ಕೆಳಗಿಳಿದು ವಾಪಸು ಬಂದರೆ, ಮಗಳು ನಮ್ಮ ಬಾಗಿಲಲ್ಲಿ ಬೂಟು ಹಾಕಿ ಚೀಲ ಹಿಡಿದು ಕೂತಿದ್ದಾಳೆ.

"ಬೆಂಗಳೂರಿಗೆ ಬರ್ತೀಯಾ ಅಂತ ಕೇಳ್ದೆ," ಎಂದರು ಅತ್ತೆ. "ಬೂಟು ಹಾಕ್ಕೊಂಡ್ಲು. ಹೊರಟೇಬಿಟ್ಲು ಅಂದ್ಕೊಂಡೆ. ಅಪ್ಪ ಬರೋ ಹೊತ್ತು ಅಂತಾಳೆ."

ಕರೆದೊಯ್ಯುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹಾಲಿನ ಪಾತ್ರೆ ಕೆಳಗಿಟ್ಟು, ನಾನು ಮಗಳ ಬೂಟು ಬಿಚ್ಚಿದೆ. ಕಾಲುಚೀಲ ಬೆವರಿಗೆ ಒದ್ದೆಯಾಗಿತ್ತು.