ಹೊಸ್ತಿಲ ಮುಂದೆ ಬರೆದ ಛತ್ರಿ

ನಾವು ಮಲಯಾಳ ನಾಡಿನ ಮಟ್ಟಾಂಚೇರಿಯಲ್ಲಿದ್ದ ಆ ಕಾಲಕ್ಕೆ ಚುನಾವಣೆ ಬಂತೆಂದು ಮೊದಲು ಹೇಳುತ್ತಿದ್ದುದು ಗೋಡೆಗಳು. ಅಭ್ಯರ್ಥಿ ಯಾರೆಂದು ಪಕ್ಷದವರಿಗೇ ಗೊತ್ತಾಗುವ ಮೊದಲು ಅವರ ಹುಡುಗರು ಬಂದು ಸುಣ್ಣ ಬಳಿದು, ಪಕ್ಷದ ಹೆಸರಿನ ಪಕ್ಕ 'ಬುಕ್ಡ್' ಎಂದು ಬರೆದು ಹೋಗುತ್ತಿದ್ದರು. ಹಾಗೆ ಬರೆದ ಗೋಡೆಯನ್ನು ಎದುರು ಪಕ್ಷದವರು ಮುಟ್ಟುತ್ತಿರಲಿಲ್ಲ. ಧಾರವಾಡದ ಬಸ್‌ಸ್ಟ್ಯಾಂಡ್ ಕಂಡ ನಮ್ಮಪ್ಪನಿಗೆ ಈ ಮರ್ಯಾದೆ ಬಹಳ ಹಿಡಿಸಿತ್ತು. "ನಮ್ಮಲ್ಲೆ ಸೀಟಿಗೆ ಟವೆಲ್ ಹಾಕಿದ್ರೂ ಎತ್ತಿ ಒಗೀತಾರ," ಎನ್ನುತ್ತಿದ್ದ.

ಅಪ್ಪ ಬ್ಯಾಂಕಿನವ. ವರ್ಗವಾಗಿ ಬಂದು ಒಂದು ಸಣ್ಣ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಓಣಿಯ ಈ ತುದಿಯಲ್ಲಿ ಗೋದಾಮುಗಳು, ಒಣಶುಂಠಿ ಮತ್ತು ಮೆಣಸಿನ ಘಾಟು. ಆ ತುದಿಯಲ್ಲಿ ಕಾಲುವೆ, ಅದರ ನಾತ. ನಡುವೆ ನಾವು. ನವೆಂಬರ್ ನಡುವಿಗೆ ವೃಶ್ಚಿಕ ಮಾಸ ಬಂತೆಂದರೆ ಸಮುದ್ರ ಉಬ್ಬಿ, ಕಸ ತುಂಬಿದ ಕಾಲುವೆಯಲ್ಲಿ ಜಾಗವಿಲ್ಲದೆ ಉಪ್ಪುನೀರು ಓಣಿಗೇ ಬರುತ್ತಿತ್ತು. ನಮಗೆ ಮಕ್ಕಳಿಗೆ ಅದು ಕಾಗದದ ದೋಣಿ ಬಿಡುವ ಹಬ್ಬ. ಎದುರುಮನೆಯ ರೋಸಿ ಚೇಚಿಗೆ, ಅಂದರೆ ರೋಸಿ ಅಕ್ಕನಿಗೆ, ಹೊಟ್ಟೆಪಾಡಿನ ಪ್ರಶ್ನೆ. ಶಾಲೆಯ ಯೂನಿಫಾರಂ ಹೊಲಿದು ಬದುಕುತ್ತಿದ್ದ ಆಕೆಯ ಮೂರು ಮಷಿನ್ನುಗಳ ಕಾಲುಗಳು ತುಕ್ಕು ಹಿಡಿದಿದ್ದವು. ಪ್ರತಿ ವರ್ಷ ಅವನ್ನು ಇಟ್ಟಿಗೆಯ ಮೇಲೆ ಏರಿಸುವಾಗ ಅವ್ವ ಹೋಗಿ ಕೈ ಹಚ್ಚುತ್ತಿದ್ದಳು.

ಆ ವರ್ಷ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಚೇಚಿ ಎರಡೂ ದೊಡ್ಡ ಪಕ್ಷದವರ ಹತ್ತಿರ ಹೋಗಿ, ಕಾಲುವೆಯ ಹೂಳೆತ್ತಿಸುವವರಿಗೆ ಓಣಿಯ ಓಟು ಎಂದಳು. ಗೆದ್ದ ಮೇಲೆ ನೋಡೋಣ ಎಂದರು. ಆಕೆ ನಮ್ಮ ಮನೆಗೆ ಬಂದು, ಅವ್ವ ಕೊಟ್ಟ ಚಹಾ ಕುಡಿದು, "ಹಾಗಾದರೆ ನಾನೇ ನಿಲ್ಲುತ್ತೇನೆ ಶಾರದೆ," ಎಂದಳು. ನಾಲ್ಕು ದಿನಕ್ಕೆ ಪಕ್ಷೇತರಳಾಗಿ ನಿಂತೂಬಿಟ್ಟಳು. ಸಿಕ್ಕ ಚಿಹ್ನೆ ಛತ್ರಿ. ಅದನ್ನು ಬರೆಯುವುದಕ್ಕೆ ಗೋಡೆ ಮಾತ್ರ ಒಂದೂ ಉಳಿದಿರಲಿಲ್ಲ. ಆಕೆಯ ಸ್ವಂತ ಗೋಡೆಯನ್ನೇ ಯಾರೋ ಬುಕ್ ಮಾಡಿ ಹೋಗಿದ್ದರು.

ಅವ್ವನಿಗೆ ಎಲ್ಲಿ ಹೋದರೂ ಬೆಳಿಗ್ಗೆ ಹೊಸ್ತಿಲ ಮುಂದೆ ನೀರು ಹಾಕಿ ರಂಗೋಲಿ ಬಿಡಿಸಲೇಬೇಕು. ಒಂದು ಮೂಲೆ ನನಗೆ ಬಿಟ್ಟಿರುತ್ತಿದ್ದಳು. ಓಣಿಯಲ್ಲಿ ಎಲ್ಲರ ಬಾಯಲ್ಲೂ ಚೇಚಿಯ ಚಿಹ್ನೆಯದೇ ಮಾತಾಗಿತ್ತಲ್ಲ, ಒಂದು ದಿನ ನಾನು ಆ ಮೂಲೆಯಲ್ಲಿ ಛತ್ರಿ ಬರೆದೆ. ಅವ್ವ ಅಳಿಸಲು ಬಗ್ಗಿದವಳು ತಲೆ ಎತ್ತಿ ನೋಡಿದಳು. ಎದುರಿಗೆ ರೋಸಿ ಚೇಚಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅವ್ವ ಅಳಿಸಲಿಲ್ಲ. ನನ್ನ ಸೊಟ್ಟ ಹಿಡಿಕೆಯನ್ನು ಬೆರಳಿನಿಂದ ನೆಟ್ಟಗೆ ಮಾಡಿದಳು.

ಅಪ್ಪ ಆಫೀಸಿಗೆ ಹೊರಟವನು ಅದನ್ನು ದಾಟಲಾರದೆ ನಿಂತ.

"ಏನಿದು? ನನ್ನ ನೌಕರಿ ಕಳೀಬೇಕಂತ ಮಾಡೀಯೇನು? ರಾಜಕೀಯ ಮಾಡಬಾರ್ದು ಅಂತ ನಮಗ ರೂಲ್ ಅದ."

"ನೌಕರಿ ನಿಮ್ಮದ್ರಿ. ರಂಗೋಲಿ ನಂದು."

"ಇವತ್ತು ಇದ್ದು ನಾಳೆ ಹೋಗೂ ಮಂದಿ ನಾವು. ನಮಗ್ಯಾಕ ಬೇಕು?"

"ನೀರು ಒಳಗ ಬರೋವಾಗ ಇವರು ಧಾರವಾಡದವರು ಅಂತ ಬಿಟ್ಟು ಹೋಗೂದಿಲ್ಲ," ಎಂದು ಅವ್ವ ಬುತ್ತಿ ಕೈಗಿಟ್ಟಳು. ಅಪ್ಪ ಬದಿಯಿಂದ ದಾಟಿ ಹೋದ. ಮರುದಿನದಿಂದ ಹಿತ್ತಲ ಬಾಗಿಲಿಂದ ಹೋಗತೊಡಗಿದ.

ಆ ಮೇಲೆ ಅವ್ವನಿಗೆ ಪುರುಸೊತ್ತೇ ಇಲ್ಲವಾಯಿತು. ನಮ್ಮ ಮನೆಗೂ ಹಾಕಿಕೊಡು ಎಂದು ಒಬ್ಬೊಬ್ಬರೇ ಬಂದರು. ಗೋಡೆ ಬುಕ್ಕಾಗಿದ್ದರೇನು, ನೆಲ ಯಾರೂ ಬುಕ್ ಮಾಡಿರಲಿಲ್ಲ. ಊರಿಂದ ತಂದ ಪುಡಿ ಮುಗಿದು ಅಕ್ಕಿಹಿಟ್ಟಿಗೆ ಬಂತು. ಎರಡು ಸಲ ಉಬ್ಬರದ ನೀರು ಓಣಿಯ ಛತ್ರಿಗಳನ್ನೆಲ್ಲ ತೊಳೆದುಕೊಂಡು ಹೋಯಿತು. ಎರಡು ಸಲವೂ ನೀರಿಳಿದ ಕೂಡಲೇ ಹೆಂಗಸರು ಕಸಬರಿಗೆ ಹಿಡಿದು ಹೊರಬಂದರು. ಅವ್ವ ಮುರುಕು ಮಲಯಾಳದಲ್ಲಿ ಚುಕ್ಕಿ ಇಡುವುದನ್ನು ಕಲಿಸುತ್ತಿದ್ದಳು. ಚೇಚಿಯ ಮನೆಯಿಂದ ಬಿಸಿ ಪಳಂಪೊರಿ ಬರುತ್ತಿತ್ತು, ಆ ಬಾಳೆಹಣ್ಣಿನ ಬಜ್ಜಿಯ ಆಸೆಗೆ ನಾವು ಹುಡುಗರು ಹಿಟ್ಟಿನ ಡಬ್ಬಿ ಹಿಡಿದು ಅವ್ವನ ಹಿಂದೆ ಓಡಾಡುತ್ತಿದ್ದೆವು.

ಮತದಾನದ ಹಿಂದಿನ ದಿನ ಜೀಪಿನಲ್ಲಿ ಚುನಾವಣಾ ಅಧಿಕಾರಿ ಬಂದರು. ಸಭ್ಯ ಮನುಷ್ಯ. ಪ್ರಚಾರ ಮುಗಿದಿದೆ, ಛತ್ರಿ ಅಳಿಸಬೇಕು ಎಂದರು. ಅವ್ವ ಒಪ್ಪಿದಳು. ನಾಳೆಯಿಂದ ದಿನಾ ಹಾಕುವ ತಾವರೆ ಹಾಕುತ್ತೇನೆ ಎಂದಳು.

"ಅಯ್ಯೋ ಚೇಚಿ, ತಾವರೆ ಒಂದು ಪಕ್ಷದ್ದು."

"ಹಂಗಾದ್ರ ನಕ್ಷತ್ರ?"

"ಅದೂ ಯಾರದೋ ಚಿಹ್ನೆ."

"ಸೂರ್ಯ?"

ಅಧಿಕಾರಿ ಕೈ ಮುಗಿದರು. "ಒಂದು ದಿನ ಏನೂ ಬೇಡ."

ಅವ್ವನ ಮುಖ ಬಾಡಿತು. ನಮ್ಮಲ್ಲಿ ಹೊಸ್ತಿಲ ಮುಂದೆ ರಂಗೋಲಿ ಇಲ್ಲವೆಂದರೆ ಮನೆಯಲ್ಲಿ ಸಾವಾಗಿದೆ ಎಂದು ಅರ್ಥ. ಬೇರೆ ಮನೆಗಳಿಗೆ ಕಲಿಸುವಾಗ ಅವಳು ಇದನ್ನೂ ಕಲಿಸಿಬಿಟ್ಟಿದ್ದಳು. ಮತದಾನದ ಬೆಳಿಗ್ಗೆ ಬರೀ ನೀರು ಚಿಮುಕಿಸಿ, ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಬಂದಳು.

ಛತ್ರಿ ಅಳಿಸಬೇಕೆಂಬುದಷ್ಟೇ ಓಣಿಯವರಿಗೆ ಗೊತ್ತಿತ್ತು, ಅವ್ವ ಏನನ್ನೂ ಹಾಕಬಾರದೆಂಬುದು ಗೊತ್ತಿರಲಿಲ್ಲ. ಅರ್ಧ ತಾಸಿನಲ್ಲಿ ಓಣಿಯೇ ನಮ್ಮ ಬಾಗಿಲಲ್ಲಿತ್ತು. ಏನಾಯಿತು, ಸಾರ್ ಚೆನ್ನಾಗಿದ್ದಾರಾ, ಊರಿಂದ ಫೋನು ಬಂತಾ. ಎಂದೂ ನಮ್ಮ ಮನೆಯ ಮೆಟ್ಟಿಲು ಹತ್ತದಿದ್ದವರೂ ಬಂದಿದ್ದರು. ಗೋದಾಮಿನ ಹಮಾಲರು ಬಂದಿದ್ದರು. ಹಿತ್ತಲಿಂದ ಜಾರಲು ಹೊರಟಿದ್ದ ಅಪ್ಪನನ್ನು ಅವ್ವ ಕರೆದು ಎಲ್ಲರೆದುರು ನಿಲ್ಲಿಸಿದಳು, ಜೀವಂತ ಇದ್ದಾರೆ ಎಂಬುದಕ್ಕೆ. ಎಲ್ಲರೂ ನಕ್ಕರು. ಅವ್ವ ನಡೆದದ್ದನ್ನು ಹೇಳಿ, ಇದ್ದಬದ್ದ ಹಾಲಿಗೆಲ್ಲ ನೀರು ಬೆರೆಸಿ ಚಹಾ ಮಾಡಿದಳು. ಕುಡಿದವರು ಮನೆಗೆ ಹೋಗಲಿಲ್ಲ, ಬಂದ ಹಾಗೆಯೇ ಒಟ್ಟಾಗಿ ಶಾಲೆಯ ಮತಗಟ್ಟೆಗೆ ನಡೆದರು. ಅವ್ವ ಛತ್ರಿಯ ಹೆಸರೆತ್ತಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಗುಂಪಿನ ಕೊನೆಯಲ್ಲಿ ಅಪ್ಪನೂ ಇದ್ದ, ಅವತ್ತು ಮುಂಬಾಗಿಲಿಂದಲೇ ಹೊರಟಿದ್ದ.

ರೋಸಿ ಚೇಚಿ ಕೆಲವೇ ಮತಗಳಿಂದ ಗೆದ್ದಳು. ಗೆದ್ದ ಮೇಲೆ ಕೈಯಲ್ಲಿ ಹೊಲಿಗೆಯ ಟೇಪು ಸುತ್ತಿಕೊಂಡೇ ಕಾರ್ಪೊರೇಷನ್ನಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಮತ್ತೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಕಾಲುವೆಯ ಹೂಳೆತ್ತಿದರು, ಬಾಯಿಗೆ ನೀರು ತಡೆಯುವ ಬಾಗಿಲು ಕೂರಿಸಿದರು. ಮುಂದಿನ ವೃಶ್ಚಿಕದಲ್ಲಿ ಉಬ್ಬರ ಬಂದ ದಿನ ಓಣಿಯವರೆಲ್ಲ ದಂಡೆಯಲ್ಲಿ ನಿಂತು ಕಾದೆವು. ನೀರು ಏರಿತು, ನಿಂತಿತು, ಇಳಿಯಿತು. ಚೇಚಿ ನೇರ ಮನೆಗೆ ಹೋಗಿ ಮಷಿನ್ನುಗಳ ಕೆಳಗಿನ ಇಟ್ಟಿಗೆ ತೆಗೆದಳು. ದೊಡ್ಡವರೆಂದರೆ ಯಾರು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಇಟ್ಟಿಗೆ ಹೊತ್ತ ಕೈಗಳೇ ನೆನಪಾಗುತ್ತವೆ.

ಈಗ ನಾನು ತಿರುವನಂತಪುರದ ಉಳ್ಳೂರಿನಲ್ಲಿ, ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿದ್ದೇನೆ. ಅವ್ವ ಇಲ್ಲ. ಮೊನ್ನೆಯ ಚುನಾವಣೆ ಮುಗಿದ ಮೇಲೆ ಮಗಳು ಶಾಲೆಯ ಪಾಠಕ್ಕೆಂದು, ನಮ್ಮ ವಾರ್ಡಿನಲ್ಲಿ ಗೆದ್ದವರು ಯಾರು ಎಂದು ಮಲಯಾಳದಲ್ಲಿ ಕೇಳಿದಳು. ನಾನು ಫೋನಿನಲ್ಲಿ ಹುಡುಕಿ ಹೇಳಬೇಕಾಯಿತು. ಕಾಲುವೆಯ ನೀರು ಇಷ್ಟು ಎತ್ತರಕ್ಕೆ ಬರುವುದಿಲ್ಲ, ಅದಕ್ಕೇ ಇರಬಹುದು.

ನಮ್ಮ ಬಾಗಿಲಲ್ಲೂ ರಂಗೋಲಿಯಿದೆ, ಅಂಗಡಿಯಿಂದ ತಂದು ಅಂಟಿಸಿದ್ದು. ಒರೆಸಿದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಏನೇ ಆದರೂ ಅದು ಹಾಗೆಯೇ ಇರುತ್ತದೆ, ಏನಾಯಿತೆಂದು ಕೇಳಲು ಯಾರೂ ಬರುವುದಿಲ್ಲ.