ಚೀಲದಲ್ಲಿ ತಂದ ಹುಂಜ

ದೇವದುರ್ಗದ ನನ್ನ ಮನೆಯ ಹಿತ್ತಲಲ್ಲಿ ಮೂರು ಹೇಂಟೆಗಳಿದ್ದವು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಸಾಕು, ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಜೋಳ ಹಾಕಿದರೆ ಒಂದಕ್ಕೆ ಸಿಟ್ಟು, ನುಚ್ಚು ಹಾಕಿದರೆ ಇನ್ನೊಂದಕ್ಕೆ. ಮೂರನೆಯದು ನಾನು ಕೂತು ತಲೆ ಬಾಚಿಕೊಳ್ಳುವ ಕುರ್ಚಿಯ ಮೇಲೆಯೇ ತತ್ತಿ ಇಡಬೇಕೆಂದು ಹಟ ಹಿಡಿದಿತ್ತು. ಎಷ್ಟೋ ದಿನ ಅದು ಇಳಿಯಲೆಂದು ಕಾದು, ಪಾಠ ಮಾಡಲು ಶಾಲೆಗೆ ತಡವಾಗಿ ಹೋಗಿದ್ದೇನೆ. ಬಿಸಿ ತತ್ತಿ ಅಂಗೈಯಲ್ಲಿ ಹಿಡಿದಾಗ ಆಗುವ ಖುಷಿ ತಿಂದಾಗ ಆಗುವುದಿಲ್ಲ.

ಬೇಲಿಯಾಚೆ ಪಕ್ಕದ ಮನೆಯಾಕೆಗೆ ಹನ್ನೆರಡು ಕೋಳಿಗಳು. ವಯಸ್ಸಾದಾಕೆ, ಓಣಿಯವರೆಲ್ಲ ಆಕೆಯನ್ನು ಯವ್ವಾ ಎಂದೇ ಕರೆಯುವುದು. ಆಕೆಯ ಕೋಳಿ ನನ್ನ ಹಿತ್ತಲಲ್ಲಿ, ನನ್ನವು ಆಕೆಯ ಅಂಗಳದಲ್ಲಿ. ಯಾರ ತತ್ತಿ ಯಾರದೆಂದು ನಾವಿಬ್ಬರೂ ದಿನಾ ಸುಳ್ಳು ಜಗಳ ಆಡುತ್ತಿದ್ದೆವು. ಆಗಷ್ಟೇ ಆಕೆಯ ಮಗನಿಗೆ ಮದುವೆಯಾಗಿ ಗಬ್ಬೂರಿನಿಂದ ಸೊಸೆ ಬಂದಿದ್ದಳು. ಮಾತು ಕಡಿಮೆಯ ಹುಡುಗಿ.

ಆಗಲೇ ಒಂದು ದಿನ ನನ್ನ ತವರೂರು ಹಿರೇಕೊಟ್ನೆಕಲ್‌ನಿಂದ ಅತ್ತಿಗೆಯ ಫೋನು ಬಂತು.

"ಊರಾಗ ಕೋಳಿಗೆ ಬ್ಯಾನಿ ಬಂದದ. ಸಾಯೂದ್ರಾಗ ಎಲ್ಲಾರೂ ಕೊಯ್ಕೊಂಡು ತಿನ್ನಾಕತ್ಯಾರ. ನಿನ್ನ ಹುಂಜನ್ನ ಏನ್ ಮಾಡ್ಲಿ?"

ನನ್ನ ಹುಂಜ ಅಂದರೆ ಅಣ್ಣನ ಮನೆಯ ಕೆಂಪು ಹುಂಜ. ನಾನು ಊರಿಗೆ ಹೋದಾಗಲೆಲ್ಲ ನನ್ನ ಅಂಗೈಯಿಂದಲೇ ಜೋಳ ತಿಂದು, ವಾಪಸು ಹೊರಟಾಗ ಬಸ್ ನಿಲ್ಲುವ ಅರ್ಧ ದಾರಿಯವರೆಗೂ ಹಿಂದೆ ಬರುತ್ತಿತ್ತು. ಅದನ್ನು ಸಾರಿನಲ್ಲಿ ಊಹಿಸಿಕೊಳ್ಳಲು ನನ್ನಿಂದಾಗಲಿಲ್ಲ. "ಅದಕ್ಕ ಕೈ ಹಚ್ಚಬ್ಯಾಡ. ನಾ ಬರಾಕತ್ತೀನಿ" ಅಂದೆ.

ಕೈಚೀಲದಲ್ಲಿ ಕೂರಿಸಿ, ತಲೆ ಮಾತ್ರ ಹೊರಗೆ ಬಿಟ್ಟು ತಂದೆ. ಮಾನ್ವಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಅದು ಗಂಟಲು ಬಿಟ್ಟು ಕೂಗಿತು. "ಯಕ್ಕಾ, ಕೂಗೂ ಪ್ಯಾಸೆಂಜರ್‌ಗೂ ಟಿಕೆಟ್ ಅದ ನೋಡ್ರಿ" ಎಂದು ಕಂಡಕ್ಟರ್ ನಕ್ಕ. ನಾನೂ ನಕ್ಕು ಟಿಕೆಟ್ ತೆಗೆದುಕೊಂಡೆ. ಒಂದು ಜೀವ ಉಳಿಸಿದೆನೆಂಬ ಜಂಬ ನನಗೆ.

ಶಾಲೆಯಲ್ಲಿ ನಾನು ಕಲಿಸುವುದು ವಿಜ್ಞಾನ. ಸೋಂಕು ತಗುಲಿದವರನ್ನು ಬೇರೆ ಇಡಬೇಕು ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅಂಥವಳು ಮನೆಗೆ ಬಂದದ್ದೇ ಹುಂಜವನ್ನು ನೇರ ಹೇಂಟೆಗಳ ನಡುವೆ ಬಿಟ್ಟೆ. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ. ಊರಲ್ಲಿ ಬೇನೆ ಬಿದ್ದರೆ ಮುದ್ದಿನ ಕೋಳಿಯನ್ನು ನೆಂಟರ ಮನೆಗೆ ದಾಟಿಸುತ್ತೇವೆ. ಬೇನೆಯೂ ಅದರ ಜೊತೆಗೇ ದಾಟುತ್ತದೆ ಎಂಬುದು ಆ ಪ್ರೀತಿಯಲ್ಲಿ ಹೊಳೆಯುವುದಿಲ್ಲ.

ನಾಲ್ಕನೆಯ ದಿನ ಹುಂಜ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತು. ಹಸಿರು ಹಿಕ್ಕೆ, ಬಾಯಿ ತೆರೆದು ಎಳೆಯುವ ಉಸಿರು. ನೀರು ಕುಡಿಸಿದೆ, ಬೆಳ್ಳುಳ್ಳಿ ಅರೆದು ಹಾಕಿದೆ. ನನ್ನ ತೊಡೆಯ ಮೇಲೆಯೇ ಕತ್ತು ತಿರುಚಿಕೊಂಡು ಸತ್ತಿತು. ಅದರ ಹಿಂದೆಯೇ ನನ್ನ ಮೂರೂ ಹೋದವು. ಬೆಳಿಗ್ಗೆ ರೂಢಿಯಂತೆ ಗೂಡಿನ ಬಾಗಿಲು ತೆಗೆಯಲು ಹೋಗಿ, ಖಾಲಿ ಗೂಡಿನ ಮುಂದೆ ಕೂತು ಅತ್ತುಬಿಟ್ಟೆ. ಅಷ್ಟಕ್ಕೇ ಮುಗಿಯಲಿಲ್ಲ. ಎರಡು ವಾರದಲ್ಲಿ ಯವ್ವನ ಹನ್ನೆರಡರಲ್ಲಿ ಒಂದೂ ಉಳಿಯಲಿಲ್ಲ.

ಯವ್ವ ಕಾರಣ ಹುಡುಕಿದಳು. ಕಾರಣ ಮನೆಯಲ್ಲೇ ಸಿಕ್ಕಿತು.

"ನೀ ಕಾಲಿಟ್ಟ ಮ್ಯಾಲೆ ನನ್ನ ಅಂಗಳದಾಗ ಒಂದು ಜೀವ ಉಳೀಲಿಲ್ಲ ನೋಡು. ಎಂಥ ಕಾಲ್ಗುಣ ತಂದಿ" ಎಂದು ಸೊಸೆಯನ್ನು ಬೈಯುವುದು ಬೇಲಿಯಾಚೆಯಿಂದ ಕೇಳಿಸುತ್ತಿತ್ತು. ಹುಡುಗಿ ಪಾತ್ರೆ ತಿಕ್ಕುತ್ತಿದ್ದಳು. ಬೇನೆಯ ಹುಂಜ ತಂದವಳು ನಾನೆಂದು ನಾನು ಹೇಳಲಿಲ್ಲ. ಹೆದರಿಕೆ, ಅಷ್ಟೇ. ಓಣಿಯಲ್ಲಿ ಟೀಚರಮ್ಮ ಎಂದು ಗಳಿಸಿದ ಮರ್ಯಾದೆ ಹೋಗುತ್ತದೆಂಬ ಹೆದರಿಕೆ.

ಕೆಲಸದ ಮೇಲೆ ರಾಯಚೂರಿಗೆ ಹೋದಾಗ ಪಶುವೈದ್ಯರೊಬ್ಬರನ್ನು ಕಂಡು ಎಲ್ಲ ಹೇಳಿದೆ, ಚೀಲದ ಸಂಗತಿ ಬಿಟ್ಟು. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. "ಬ್ಯಾನಿ ಬಿದ್ದ ಊರಿಂದ ಕೋಳಿ ತಂದಿದ್ರೇನ್ರಿ?" ಇದಕ್ಕೆ ಲಸಿಕೆ ಇದೆಯೇ ಎಂದು ನಾನು ಮಾತು ತಿರುಗಿಸಿದೆ. "ತಂದವ್ರು ಹೇಳೂದಿಲ್ರಿ. ಅದಕ್ಕ ಇದು ಊರೂರು ತಿರಗತದ" ಎಂದು ಅವರು ಲಸಿಕೆಯ ವಿಷಯಕ್ಕೆ ಬಂದರು. ಆ ಮಾತು ಮನೆಯವರೆಗೂ ನನ್ನ ಬೆನ್ನು ಬಿಡಲಿಲ್ಲ. ಇನ್ನು ನಮ್ಮ ಓಣಿಯಲ್ಲಿ ಒಂದು ಕೋಳಿಯೂ ಈ ಬೇನೆಯಿಂದ ಸಾಯಕೂಡದು ಎಂದು ಬಸ್ಸಿನಲ್ಲೇ ತೀರ್ಮಾನಿಸಿದೆ. ಹೇಳಿಬಿಡಬೇಕು ಎಂದೂ ತೀರ್ಮಾನಿಸಿದೆ. ಮೊದಲನೆಯದಕ್ಕೆ ಕೈ ಹಾಕಿದೆ. ಎರಡನೆಯದನ್ನು ನಾಳೆಗೆ ಹಾಕುತ್ತಲೇ ಹೋದೆ.

ಆ ಲಸಿಕೆ ಒಂದು ಶೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ. ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹೀಗಾಗಿ ಒಬ್ಬರಿಗೆ ಹಾಕಿ ಸುಮ್ಮನಾಗುವ ಹಾಗಿಲ್ಲ, ಇಡೀ ಓಣಿಯನ್ನು ಒಪ್ಪಿಸಬೇಕು. ಮನೆಮನೆ ತಿರುಗಿದೆ. ನಕ್ಕರು, ಬಾಗಿಲು ಹಾಕಿಕೊಂಡರು, ಮತ್ತೆ ಹೋದೆ. ಎರಡು ತಿಂಗಳಿಗೆ ಒಂದು ಭಾನುವಾರ ನಿಗದಿಯಾಯಿತು. ಹಿಂದಿನ ಸಂಜೆ ರಾಯಚೂರಿನಿಂದ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಶೀಸೆ ಇಟ್ಟು, ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದೆ.

ಭಾನುವಾರ ಬೆಳಿಗ್ಗೆ ಕೋಳಿ ಹೊರಗೆ ಬಿಡುವ ಮೊದಲೇ ಶುರು ಮಾಡಿದೆ. ಪ್ರತಿ ಕೋಳಿಯ ಕಣ್ಣಿಗೊಂದು ಹನಿ ಲಸಿಕೆ. ಓಣಿ ಮುಗಿಸಿ ಬರುವಾಗ ಯವ್ವನ ಬಾಗಿಲಲ್ಲಿ ಒಂದು ಬುಟ್ಟಿ ಇತ್ತು. ಗಬ್ಬೂರಿನಿಂದ ಹುಡುಗಿಯ ತಾಯಿ ಬಂದಿದ್ದಳು. ಮಗಳು ತವರಲ್ಲಿ ಸಾಕಿದ ಹೇಂಟೆಯನ್ನು ಮರಿಗಳ ಸಮೇತ ತಂದಿದ್ದಳು. ಹೊಸ್ತಿಲಲ್ಲಿ ನಿಂತ ಯವ್ವ ಬುಟ್ಟಿಯನ್ನು ಒಳಗೆ ಬಿಡುತ್ತಿರಲಿಲ್ಲ.

"ಒಯ್ರಿ ನಿಮ್ಮ ಕೋಳಿ. ನಿಮ್ಮ ಮಗಳ ಕಾಲ್ಗುಣಕ್ಕ ಇವೂ ಸಾಯಬೇಕೇನು?"

ತಾಯಿ ತಲೆ ತಗ್ಗಿಸಿದಳು. ಹುಡುಗಿ ಬಾಗಿ ಬುಟ್ಟಿಯನ್ನು ತಿರುಗಿ ಎತ್ತಿಕೊಳ್ಳಲು ಕೈ ಹಾಕಿದಳು. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

"ಯವ್ವಾ, ನಿಮ್ಮ ಕೋಳಿ ಸತ್ತಿದ್ದು ಈಕಿ ಕಾಲಿನಿಂದ ಅಲ್ರಿ. ಬ್ಯಾನಿ ತಂದಾಕಿ ನಾನು. ಹಿರೇಕೊಟ್ನೆಕಲ್‌ದಾಗ ಕೋಳಿ ಸಾಯಾಕತ್ತಿದ್ವು. ಅಲ್ಲಿಂದ ಹುಂಜನ್ನ ಚೀಲದಾಗ ಹಾಕ್ಕೊಂಡು ಬಂದೆ."

"ಸಾಯಾಕತ್ತಿದ್ದು ಗೊತ್ತಿತ್ತು?"

"ಗೊತ್ತಿತ್ರಿ."

"ಗೊತ್ತಿದ್ದು ಎರಡು ತಿಂಗಳು ಸುಮ್ನ ಕುಂತಿ?"

"ಕುಂತೆ."

ಟೀಚರಮ್ಮಾ ಬರ್ರಿ, ಕೂಡ್ರಿ ಅನ್ನುತ್ತಿದ್ದ ಬಾಯಲ್ಲಿ ನಾನು ಅಂದಿನಿಂದ 'ನೀನು' ಆದೆ. ಓಣಿಯ ಬಾಗಿಲುಗಳೆಲ್ಲ ತೆರೆದವು. ಕಲಿತಾಕಿ ಅಂತ, ಮಕ್ಕಳಿಗೆ ಬುದ್ಧಿ ಹೇಳ್ತಾಳಂತ, ಮನೆಹಾಳಿ ಅಂತ ಯವ್ವ ಒಂದೂ ಬಿಡದೆ ಬೈದಳು. ನಾನು ಜಾಗ ಬಿಟ್ಟು ಕದಲಲಿಲ್ಲ. ಆ ಬೈಗುಳಗಳಲ್ಲಿ ಒಂದಾದರೂ ಹುಡುಗಿಯ ಕಡೆ ಹೋಗದಿರಲೆಂದು ಪೂರಾ ಕೇಳಿಸಿಕೊಂಡೆ. ಐಸ್ ಕರಗುತ್ತಿತ್ತು. ಆಕೆ ಉಸಿರು ತೆಗೆದುಕೊಳ್ಳಲು ನಿಂತಾಗ, "ಬೈರಿ ಯವ್ವಾ, ಆದ್ರ ಮರಿ ಹಿಡೀರಿ. ಔಷಧ ಕೆಡತದ" ಅಂದೆ.

ಯವ್ವ ನನ್ನನ್ನೂ ಫ್ಲಾಸ್ಕನ್ನೂ ನೋಡಿದಳು. ಬೈಯುತ್ತಲೇ ಬಾಗಿ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಒಂದು ಮರಿಯನ್ನು ಎತ್ತಿ ಸೊಸೆಯ ಅಂಗೈಯಲ್ಲಿಟ್ಟಳು.

"ನೀನ ಹಿಡ್ಕೋ ಮಗಳ. ಈಕಿ ಕೈಯಾಗ ಕೊಡಬ್ಯಾಡ."