ಜೆರೂಷಕ್ಕನ ಮೂರು ಹಲಗೆ

ನ್ಯೂ ಕಾರಿಂತ್ ಎಂಬ ಮಹಾನಗರವನ್ನು ನೀವು ನೋಡಿರಲಿಕ್ಕಿಲ್ಲ. ಈಗ ಅದು ಇಲ್ಲ. ಇದ್ದಾಗಲೂ ಹೆಚ್ಚೇನೂ ಇರಲಿಲ್ಲ. ಆಟರ್ ನದಿಯ ತಗ್ಗಿನಲ್ಲಿ ಒಂದಷ್ಟು ದಿಮ್ಮಿ ಮನೆಗಳು, ಒಂದು ಕುಲುಮೆ, ನಾನು ಪೀಪಾಯಿ ಮಾಡುತ್ತಿದ್ದ ಕೊಟ್ಟಿಗೆ, ಮಿಕ್ಕಿದ್ದೆಲ್ಲ ಕೆಸರು. ಆದರೆ ಕರ್ನಲ್ ಲೈಸಾಂಡರ್ ಪ್ರೂಯಿಟ್ ಬರೆಸಿದ ನಕ್ಷೆಯಲ್ಲಿ ನಮಗೆ ಎರಡು ಕಾಲೇಜು, ಒಂದು ಸಂಗೀತ ಮಂದಿರ, ಹಡಗುಕಟ್ಟೆ ಎಲ್ಲ ಇದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಬೇಕಾದಷ್ಟು ಜನ ಇದ್ದಾರೆ. ಈ ಮಹಾಶಯ ಕೂಸಿನ ಗಡ್ಡ ಬೋಳಿಸುವ ಕತ್ತಿಯನ್ನೂ ತರಿಸಿಟ್ಟಿದ್ದ. ಅವನು ಯಾವ ದಂಡಿನ ಕರ್ನಲ್ ಎಂದು ಆ ದಂಡಿಗೂ ಗೊತ್ತಿರಲಿಲ್ಲ.

ಅವನ ಮಾತು ಹಾಗಿರಲಿ. ಅವನು ಬರುವುದಕ್ಕೆ ಆರು ವರ್ಷ ಮೊದಲೇ ಅಲ್ಲಿ ನೆಲೆ ನಿಂತವಳು ಜೆರೂಷ ಟ್ಯಾಕೆಟ್. ಗಂಡ ಅಸಾಹೆಲ್, ಇಬ್ಬರು ಮಕ್ಕಳು, ಒಂದು ಜೊತೆ ಎತ್ತು, ಒಂದು ಬಂಡಿ ಕಟ್ಟಿಕೊಂಡು ಕೆಂಟಕಿಯಿಂದ ಬಂದಿದ್ದಳು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಗಂಡನೂ ಮಕ್ಕಳೂ ನದಿ ತಗ್ಗಿನ ಜ್ವರಕ್ಕೆ ಹೋದರು. ಊರಿನ ಒಂದೇ ಒಂದು ದಿಬ್ಬದ ಮೇಲೆ ಮೂವರನ್ನೂ ಮಣ್ಣು ಮಾಡಿ, ಬಂಡಿಯ ತಳ ಕಿತ್ತು ಆ ಹಲಗೆಗಳನ್ನೇ ತಲೆಯ ಕಡೆ ನೆಟ್ಟಳು. ಓದು ಬಾರದವಳು. ಯಾರೋ ಪಾದ್ರಿ ಇದ್ದಿಲಲ್ಲಿ ಬರೆದುಕೊಟ್ಟ ಹೆಸರುಗಳ ಮೇಲೆ ಕಾದ ಸಲಾಕೆ ಎಳೆದು ಅಕ್ಷರ ಸುಟ್ಟಿದ್ದಳು. ಬಂಡಿಗೆ ತಳ ಇಲ್ಲದ ಮೇಲೆ ವಾಪಸ್ಸು ಹೋಗುವ ಮಾತೂ ಇರಲಿಲ್ಲ.

ಜ್ವರದ ವಿಷಯ ಹೇಳಿಬಿಡಬೇಕು. ನಮ್ಮಲ್ಲಿ ಅದಕ್ಕೆ ಕಾಯಿಲೆ ಎನ್ನುತ್ತಿರಲಿಲ್ಲ, 'ನಡುಗು' ಎನ್ನುತ್ತಿದ್ದೆವು. ದಿನ ಬಿಟ್ಟು ದಿನ, ಮಧ್ಯಾಹ್ನ ಊಟದ ಹೊತ್ತಿಗೆ, ಮನೆಗೆ ಬರುವ ಬೀಗರಿಗಿಂತ ಸರಿಯಾಗಿ ಬರುತ್ತಿತ್ತು. ಊರಿನ ಅರ್ಧ ಜನಕ್ಕೆ ಇವತ್ತು, ಇನ್ನರ್ಧಕ್ಕೆ ನಾಳೆ. "ನಾಳೆ ನನ್ನ ನಡುಗು ಕಣಯ್ಯ, ನಾಡಿದ್ದು ಬಾ, ಮರ ಕಡಿಯೋಣ" ಎಂದು ನೆರೆಯವನಿಗೆ ಹೇಳುವುದು ಮಾಮೂಲು. ಮದುವೆಗೆ ದಿನ ಗೊತ್ತು ಮಾಡುವಾಗಲೂ ಗಂಡಿನ ಪಾಳಿ, ಹೆಣ್ಣಿನ ಪಾಳಿ ನೋಡುತ್ತಿದ್ದೆವು. ಇಷ್ಟಾದರೂ ಯಾರಾದರೂ ನಮ್ಮೂರಿನ ಆರೋಗ್ಯ ಹೇಗೆ ಎಂದು ಕೇಳಿದರೆ, ಬಂಡೆಗಲ್ಲು ಸ್ವಾಮಿ ಎಂದೇ ಎದೆ ತಟ್ಟುತ್ತಿದ್ದೆವು!

ಹೀಗಿರುವಾಗ ಜಿಲ್ಲಾ ಕೇಂದ್ರ ಎಲ್ಲಿರಬೇಕು ಎಂದು ಗೊತ್ತು ಮಾಡಲು ಮೂವರು ಕಮಿಷನರುಗಳು ಬರುತ್ತಾರೆಂದು ಸುದ್ದಿ ಬಂತು. ನಮಗೂ, ನದಿಯ ಮೇಲುಗಡೆ ಗುಡ್ಡದ ಮೇಲಿದ್ದ ಹಾರ್ಲನ್ಸ್ ಬ್ಲಫ್‌ಗೂ ಪೈಪೋಟಿ. ಕೋರ್ಟು ಬಂದ ಊರು ಉಳಿಯುತ್ತದೆ, ಬಾರದ ಊರು ಹಂದಿ ಮೇಯುವ ಜಾಗವಾಗುತ್ತದೆ. ಕರ್ನಲ್ಲನ ನಕ್ಷೆಯಲ್ಲಿ ಕೋರ್ಟು ಕಟ್ಟಡ ನಿಂತಿದ್ದು ಜೆರೂಷಕ್ಕನ ದಿಬ್ಬದ ಮೇಲೆ. ಅವನೇ ಬಂದು ಅವಳ ಬಾಗಿಲಲ್ಲಿ ನಿಂತ. ನಾನು ಅಲ್ಲೇ ತೊಟ್ಟಿಗೆ ಪಟ್ಟಿ ಬಿಗಿಯುತ್ತಿದ್ದೆ.

"ಜೆರೂಷಕ್ಕಾ, ಒಂದು ದಿನದ ಮಟ್ಟಿಗೆ ಆ ಹಲಗೆ ಕಿತ್ತಿಡಮ್ಮ. ಬಂದವರ ಕಣ್ಣಿಗೆ ಮೊದಲು ಗೋರಿನೇ ಬಿದ್ರೆ ಏನು ಚೆನ್ನಾಗಿರುತ್ತೆ?"

"ಆಮೇಲೆ ಅವರ ಎದೆ ಮೇಲೆ ಕೋರ್ಟು ಕಟ್ತೀರಾ?"

"ಅವರನ್ನ ಗೌರವವಾಗಿ ಊರಾಚೆಗೆ ಸಾಗಿಸೋಣ. ಊರಿನ ಏಳಿಗೆ ನೋಡಮ್ಮ!"

"ನಿಮ್ಮ ಏಳಿಗೆಗೆ ಬೆಂಕಿ ಬೀಳ. ಇಲ್ಲಿಗೆ ಅವರನ್ನ ಕರ್ಕೊಂಡು ಬಂದಿದ್ದು ನಾನು. ಇನ್ನೊಂದು ಸಲ ಗಂಟುಮೂಟೆ ಕಟ್ಸಲ್ಲ. ನಡೀರಿ."

ಕರ್ನಲ್ ನಡೆದ. ಬುಧವಾರ ಬೆಳಿಗ್ಗೆ, ಕಮಿಷನರುಗಳ ಉಗಿಹಡಗು ಬರಬೇಕಾದ ದಿನ, ದಿಬ್ಬದ ಮೇಲೆ ಹಲಗೆ ಇರಲಿಲ್ಲ. ಅವಳು ಹೋಗಿ ಅವನ ಕೊರಳಪಟ್ಟಿ ಹಿಡಿದಳು. "ಜೋಪಾನವಾಗಿ ಇಟ್ಟಿದೀನಿ, ಊಟ ಮುಗಿದ ತಕ್ಷಣ ನಾನೇ ತಂದು ನೆಡ್ತೀನಿ, ನೀನು ಅಡುಗೆ ಒಂದು ಮಾಡಿಬಿಡು" ಎಂದ. ಊರಿನಲ್ಲಿ ಅವಳ ಕೈ ರುಚಿ ಯಾರಿಗೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಹಲಗೆಯ ಆಸೆಗೆ ಅವಳು ಒಲೆ ಹಚ್ಚಿದಳು.

ಕರ್ನಲ್ಲನ ತಲೆಯನ್ನು ಮೆಚ್ಚಲೇಬೇಕು. ಬುಧವಾರ ನಡುಗುವವರನ್ನೆಲ್ಲ ಅವನು ಬೆಳಿಗ್ಗೆಯೇ ದೋಣಿಯಲ್ಲಿ ಆಚೆ ದಡಕ್ಕೆ ಸಾಗಿಸಿ, ಕರೆಯುವ ತನಕ ಕಾಡು ಬಿಟ್ಟು ಬರಕೂಡದು ಎಂದಿದ್ದ. ಈಚೆ ಉಳಿದವರು ಗುರುವಾರದ ಪಾಳಿಯವರು. ನಾನೂ ಅವರಲ್ಲಿ ಒಬ್ಬ. ತೊಳೆದ ಅಂಗಿ ತೊಟ್ಟು ಕುಸ್ತಿ ಪೈಲ್ವಾನರ ಹಾಗೆ ನಿಂತೆವು. ಹಡಗು ಬರಲೇ ಇಲ್ಲ. ಕೆಳಗಡೆ ಎಲ್ಲೋ ಮರಳುದಿಣ್ಣೆಗೆ ಸಿಕ್ಕಿಕೊಂಡಿತ್ತಂತೆ.

ಸಂಜೆ ಜೆರೂಷಕ್ಕ, ಕರ್ನಲ್ ಸಿದ್ಧ ಮಾಡಿಸಿದ್ದ ಮೇಜಿನ ಬಟ್ಟೆ ತೆಗೆದಳು. ತೆಗೆದವಳು ಹಾಗೇ ನಿಂತಳು. ಮರ ಕೊಯ್ಯುವ ಮಿಲ್ಲು ಇಲ್ಲದ ಊರು ನಮ್ಮದು. ಊರಿಗೆಲ್ಲ ನಯವಾದ ಹಲಗೆ ಎಂದರೆ ಅವೇ ಮೂರು. ದೊಡ್ಡ ಮನುಷ್ಯರಿಗೆ ಮೇಜು ಬೇಕಲ್ಲ! ಅವಳು ಬಗ್ಗಿ ಅಡಿಯಲ್ಲಿ ಕೈಯಾಡಿಸಿದಳು. ಸುಟ್ಟ ಅಕ್ಷರ ಬೆರಳಿಗೆ ಸಿಕ್ಕವು.

"ಬಾರ್ನಬಸ್, ಆ ತುದಿ ಹಿಡಿ" ಎಂದು ನನ್ನನ್ನು ಕರೆದಳು.

"ಏನ್ ಮಾಡ್ತೀಯಕ್ಕಾ?"

"ಹಲಗೆ ಮಗುಚ್ತಿದೀನಿ. ಕಣ್ಣು ಕಾಣಲ್ವಾ?"

ಹೆಸರು ಮೇಲಕ್ಕೆ ಬರುವಂತೆ ಮೂರನ್ನೂ ಮಗುಚಿ, ಮತ್ತೆ ಬಟ್ಟೆ ಹಾಸಿ, ಸುಕ್ಕು ಬಿಡಿಸಿದಳು. ಅಳಲಿಲ್ಲ.

ಗುರುವಾರ ಮಧ್ಯಾಹ್ನ ಹಡಗು ಕೂಗಿತು. ದೋಣಿ ಆಚೆ ದಡದಲ್ಲಿ, ಇವತ್ತು ಚೆನ್ನಾಗಿದ್ದ ಬುಧವಾರದ ಪಾಳಿಯವರೂ ಆಚೆ ದಡದಲ್ಲಿ. ಕಮಿಷನರುಗಳು ಕೂತರು. ಜಿಂಕೆ ಮಾಂಸ, ಹುರಿದ ಮೀನು, ಜೋಳದ ರೊಟ್ಟಿ ಬಡಿಸಿದ್ದಾಯಿತು. ಕರ್ನಲ್ ಎದ್ದು ನಿಂತ. "ಮಾನ್ಯರೇ, ಇಂಥ ಗಾಳಿ, ಇಂಥ ನೀರು…" ಎನ್ನುವಷ್ಟರಲ್ಲಿ ಕಮ್ಮಾರನ ಹಲ್ಲು ಕಟಕಟ ಎಂದವು. ಆಮೇಲೆ ನನ್ನವು. ಬೆಂಚು ಕುಣಿಯಿತು, ಮೇಜು ಕುಣಿಯಿತು, ಮೀನಿಗೆ ಮತ್ತೆ ಜೀವ ಬಂದ ಹಾಗೆ ತಟ್ಟೆಯಲ್ಲಿ ಒದ್ದಾಡಿತು.

"ಇವರಿಗೆಲ್ಲ ಏನಾಗಿದೆ?" ಹಿರಿಯ ಕಮಿಷನರ್ ಕೇಳಿದ.

"ಸಂತೋಷ ಸಾರ್! ತಮ್ಮನ್ನ ನೋಡಿದ ಸಂತೋಷ!" ಎಂದ ಕರ್ನಲ್ಲನ ಕೈಯ ಲೋಟ ಅವನ ಎದೆ ಮೇಲೆಯೇ ಚೆಲ್ಲಿತು. ಅವನದೂ ಗುರುವಾರವೇ!

"ನಿಮ್ಮೂರ ಸ್ಮಶಾನ ಎಲ್ಲಿದೆ?"

"ಅದರ ಅ-ಅವಶ್ಯಕತೆ ಇನ್ನೂ ಬಿದ್ದಿಲ್ಲ ಸಾರ್. ಇಲ್ಲಿ ಯಾರೂ ಸತ್ತಿಲ್ಲ."

ಜೆರೂಷಕ್ಕ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಅವರವರ ಕೈಗೇ ಕೊಟ್ಟಳು. ಆಮೇಲೆ ಬಟ್ಟೆ ಎಳೆದಳು.

"ಊಟ ಮಾಡಿ ಸ್ವಾಮಿ, ಸಂಕೋಚ ಬೇಡ. ನಿಮ್ಮ ಮೊಣಕೈ ಇರೋದು ನನ್ನ ಗಂಡನ ಮೇಲೆ. ಆ ಉಪ್ಪಿನ ಬಟ್ಟಲು ಇದ್ದಿದ್ದು ಮಗ ಲೆಮ್ಯುಯೆಲ್ ಮೇಲೆ. ಸಾರು ಚೆಲ್ಲಿದ್ದು ನನ್ನ ಪೇಷನ್ಸ್ ಮೇಲೆ, ಇರ್ಲಿ, ಒರೆಸ್ತೀನಿ. ಅವಳಿಗೆ ನಾಲ್ಕು ವರ್ಷ."

ಹಿರಿಯ ಕಮಿಷನರ್ ಮೊಣಕೈ ತೆಗೆದ. ಟೋಪಿಯನ್ನೂ ತೆಗೆದ. ಕರ್ನಲ್ ನಡುಗುತ್ತಲೇ ಕೂಗಿದ: "ಅವರು ಊರು ಹುಟ್ಟೋಕ್ ಮುಂಚೆ ಸತ್ತವರು ಸಾರ್! ಲೆಕ್ಕಕ್ಕೆ ಬರಲ್ಲ!"

ಜಿಲ್ಲಾ ಕೇಂದ್ರ ಹಾರ್ಲನ್ಸ್ ಬ್ಲಫ್ ಪಾಲಾಯಿತು. ನ್ಯೂ ಕಾರಿಂತಿನ ದೇಶಭಕ್ತರೆಲ್ಲ ಮುಂದಿನ ಚಳಿಗಾಲದೊಳಗೆ ಮನೆಯ ದಿಮ್ಮಿ ಕಳಚಿಕೊಂಡು ಕೋರ್ಟಿನ ಹಿಂದೆ ಗುಡ್ಡ ಹತ್ತಿದೆವು. ಎಲ್ಲರಿಗಿಂತ ಮೊದಲು ಹತ್ತಿದವನು ಕರ್ನಲ್. ಈಗ ಇಲ್ಲಿನ ಕೋರ್ಟಿನಲ್ಲಿ ಅವನ ಪಟ ತೂಗಿಹಾಕಿದ್ದಾರೆ, ಕೆಳಗೆ 'ಜಿಲ್ಲೆಯ ಮೊದಲ ನೆಲಸಿಗ' ಎಂದು ಬರೆದಿದೆ. ನಗು ಬಂದರೂ ನಗಬಾರದು, ಅದು ನ್ಯಾಯಾಲಯ.

ಜೆರೂಷಕ್ಕ ಮಾತ್ರ ಇಳಿದ ಜಾಗ ಬಿಟ್ಟು ಏಳಲಿಲ್ಲ. ಹಲಗೆಗಳನ್ನು ತಿಕ್ಕಿ ತೊಳೆದು ಮತ್ತೆ ನೆಟ್ಟು, ಇಪ್ಪತ್ತು ವರ್ಷ ಒಬ್ಬಳೇ ಜೋಳ ಬಿತ್ತಿ ಬದುಕಿದಳು. ಕೊನೆಯ ಸಲ ನೋಡಲು ಹೋದಾಗ, ನಿನ್ನ ಹಲಗೆಯ ಮೇಲೆ ಏನು ಬರೆಯಲಿ ಅಕ್ಕ ಎಂದು ಕೇಳಿದೆ.

"ಹೆಸರು ಸಾಕು. ಹಲಗೆ ಮಾತ್ರ ಎರಡು ಮೊಳ ಆಳಕ್ಕೆ ಹೂಳು. ನಾಳೆ ಇನ್ಯಾವನೋ ಬಂದು ಊರು ಕಟ್ತೀನಿ ಅಂತಾನೆ, ಮೇಜು ಬೇಕಾಗುತ್ತೆ."

ನಾನು ಮೂರು ಮೊಳ ಹೂತಿದ್ದೇನೆ.